ರತ್ನಗಂಧಿಯ ಪುಟದಲ್ಲಿ ಯಾರೆಲ್ಲ ಇದ್ದಾರೆ?

ಬೆಳಗ್ಗೆಯೇ ಬಣ್ಣದ ಪೆಟ್ಟಿಗೆ ಹಿಡಿದು ಬಂದು ಕೂತಿರುವ ವಿದ್ಯಾರ್ಥಿ ಮಿತ್ರರೇ,

ವೈಜ್ಞಾನಿಕ ಚಿತ್ರಕಲೆಯ ಸಂಕಿರಣ ಅಂದಮೇಲೆ ಆಶಯ ಭಾಷಣ ವ್ಯಾಖ್ಯೆಯಿಂದ ಶುರುವಾಗಬೇಕು. ನಾನು ಹುಳುವಿನಿಂದ ಶುರುಮಾಡುತ್ತೇನೆ.

1660ರ ಸುಮಾರು. ಫ್ರಾಂಕ್‌ಫರ್ಟಿನಲ್ಲಿ ಹದಿಮೂರರ ಹುಡುಗಿಯೊಬ್ಬಳು ರೇಷ್ಮೆಹುಳು ಸಾಕುತ್ತಿದ್ದಳು. ಹೆಸರು ಮರಿಯಾ ಸಿಬಿಲಾ ಮೆರಿಯಾನ್. ಹುಳು ಸೊಪ್ಪು ತಿನ್ನುವುದು, ಪೊರೆ ಕಳಚಲು ಜ್ವರಕ್ಕೆ ಕೂರುವುದು, ಗೂಡು ಕಟ್ಟುವುದು ಶಿಡ್ಲಘಟ್ಟದ ಮಕ್ಕಳಿಗೆ ಮನೆಯ ಸಂಗತಿ. ಆಗಿನ ಯುರೋಪಿನಲ್ಲಾದರೋ ಹುಳುಗಳು ಕೊಳೆಯಿಂದ ತಾವಾಗಿಯೇ ಹುಟ್ಟುತ್ತವೆಂದು ನಂಬಿದ್ದವರೇ ಹೆಚ್ಚು.

1699ರಲ್ಲಿ, ಐವತ್ತೆರಡನೇ ವಯಸ್ಸಿಗೆ, ಆಕೆ ಕಿರಿ ಮಗಳು ಡೊರೊಥೆಯಾಳೊಡನೆ ಹುಳುಗಳನ್ನು ಅರಸಿ ಡಚ್ಚರ ವಸಾಹತು ಸುರಿನಾಮಿಗೆ ಹಡಗು ಹತ್ತಿದಳು. ಎರಡು ವರ್ಷಕ್ಕೆ ಆರೋಗ್ಯ ಕೆಟ್ಟು ಮರಳಿದಳು. 1705ರಲ್ಲಿ ಅಲ್ಲಿನ ಕೀಟಗಳ 60 ಚಿತ್ರಗಳ ಪುಸ್ತಕ ಬಂತು. ಮೊಟ್ಟೆ, ಕಂಬಳಿಹುಳು, ಕೋಶ, ಪತಂಗ, ಹುಳು ತಿನ್ನುವ ಗಿಡ ಎಲ್ಲವನ್ನೂ ಆಕೆ ಒಂದೇ ಪುಟಕ್ಕೆ ತಂದಳು. ಒಂದೇ ಹುಳುವಿನ ಇಷ್ಟೂ ಅವಸ್ಥೆ ಒಟ್ಟಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ವಾರಗಟ್ಟಲೆ ಕಾದು ಕೂತವರಿಗಷ್ಟೇ ಆ ಪುಟ ಸಾಧ್ಯ.

ತಪ್ಪುಗಳಿಲ್ಲವೇ? ಇವೆ. ಜೇಡವೊಂದು ಹಮ್ಮಿಂಗ್‌ಬರ್ಡನ್ನು ತಿನ್ನುತ್ತಿರುವ ಚಿತ್ರ ನೋಡಿ ಪಂಡಿತರು ನಕ್ಕರು. ಆದರೆ 19ನೇ ಶತಮಾನದಲ್ಲಿ ನಿಸರ್ಗಶಾಸ್ತ್ರಜ್ಞ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನಲ್ಲಿ ಹಕ್ಕಿ ಹಿಡಿದ ಜೇಡವನ್ನು ಕಣ್ಣಾರೆ ಕಂಡ. ನಿಜವಾದ ತಪ್ಪು ಅದೇ ಚಿತ್ರದ ಗೂಡಿನಲ್ಲಿದೆ: ನಾಲ್ಕು ಮೊಟ್ಟೆ. ಆ ಹಕ್ಕಿ ಇಡುವುದು ಎರಡು. ನಕ್ಕವರು ಮೊಟ್ಟೆ ಎಣಿಸಲಿಲ್ಲವೋ ಏನೋ!

ನನ್ನನ್ನು ಕಾಡುವುದು 45ನೇ ಚಿತ್ರ. ಅಲ್ಲಿರುವುದು ನಮ್ಮ ಅಂಗಳದ ರತ್ನಗಂಧಿ: ಹಳದಿ ಅಂಚಿನ ಕೆಂಪು ದಳ, ಹೂವಿನಾಚೆಗೆ ಚಾಚಿದ ಕೇಸರಗಳು. ಜೊತೆಗಿನ ಬರಹ ಬೇರೆಯೇ ಕಥೆ ಹೇಳುತ್ತದೆ. ತಮ್ಮ ಮಕ್ಕಳೂ ಗುಲಾಮರಾಗಬಾರದೆಂದು ಅಲ್ಲಿನ ಗುಲಾಮ ಹೆಂಗಸರು ಇದರ ಬೀಜ ತಿಂದು ಬಸಿರು ಇಳಿಸಿಕೊಳ್ಳುತ್ತಿದ್ದರಂತೆ. ತಮ್ಮ ಬಾಯಿಂದಲೇ ಮೆರಿಯಾನಳಿಗೆ ಹೇಳಿದ್ದರಂತೆ. ಆಕೆ ಅದನ್ನು ಬರೆದಿಟ್ಟಳು, ಅದು ದೊಡ್ಡದೇ. ಆದರೆ ಆ ಹೆಂಗಸರ ಹೆಸರು ಚಿತ್ರದಲ್ಲೂ ಇಲ್ಲ, ಬರಹದಲ್ಲೂ ಇಲ್ಲ. ಆಕೆಗೆ ಕಾಡಿನಲ್ಲಿ ದಾರಿ ಕಡಿದುಕೊಟ್ಟವರೂ ಗುಲಾಮರೇ.

ಹೀಗೆ ಹೆಸರು ಬಿಟ್ಟುಹೋಗುವುದು ಅಲ್ಲಿನ ಕಥೆಯಷ್ಟೇ ಅಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠಿ ಚಿತ್ರಕಾರನಿಂದ ಗಿಡಗಳ ಚಿತ್ರ ಬರೆಸಿದ. ಚಿತ್ರಗಳು ಇಂದಿಗೂ ಎಡಿನ್‌ಬರೊದಲ್ಲಿ ಸುರಕ್ಷಿತ. ಸಂಗ್ರಹಕ್ಕೆ ಕ್ಲೆಗಾರ್ನನ ಹೆಸರಿದೆ, ಕುಂಚ ಹಿಡಿದವನದಿಲ್ಲ.

ಹಾಗಾಗಿ ನಿಖರತೆಯ ಚರ್ಚೆಯ ಜೊತೆಗೆ ಇದೂ ನಡೆಯಲಿ: ಪುಟದೊಳಗೆ ಯಾರನ್ನು ಬಿಟ್ಟುಕೊಳ್ಳುತ್ತೇವೆ? ಮಧ್ಯಾಹ್ನ ನೀವು ಹೂವಿನ ಚಿತ್ರ ಬರೆಯುವ ಹಾಳೆಯ ಕೆಳಗೆ ಲ್ಯಾಟಿನ್ ಹೆಸರಿರಲಿ, ನಿಮ್ಮ ಸಹಿಯೂ ಇರಲಿ. ಟೊಂಗೆ ಕೊಯ್ದುಕೊಟ್ಟ ಮಾಲಿಯ ಹೆಸರಿಗೂ ಒಂದು ಸಾಲು ಬಿಡಿ. ಹೂ ಬೆಳಗ್ಗೆಯೇ ಕೊಯ್ದದ್ದು, ಎರಡು ಗಂಟೆಗೆಲ್ಲ ಬಾಡುತ್ತದೆ. ಮೊದಲ ಗೋಷ್ಠಿಯವರು ದಯವಿಟ್ಟು ಹೊತ್ತಿಗೆ ಸರಿಯಾಗಿ ಮುಗಿಸಿಕೊಡಿ.