ಮುಪ್ಪಿನ ಊಟವೂ ಹೃದಯದ ಕ್ಷೇಮವೂ

ಮನೆಯ ಹಿರಿಯರಿಗೆ ಅರುವತ್ತು ತುಂಬಿತೆಂದರೆ ನಾವು ಅವರ ಎಲೆಯಿಂದ ಒಂದೊಂದನ್ನೇ ತೆಗೆಯಲಾರಂಭಿಸುತ್ತೇವೆ. ಎಣ್ಣೆ ಬೇಡ, ಕಡಲೆಕಾಯಿ ಪಿತ್ತ, ಕಾಳು ವಾಯು. ಕಡೆಗೆ ಉಳಿಯುವುದು ಮೆತ್ತನೆಯ ಅನ್ನ, ತಿಳಿಸಾರು, ಉಪ್ಪಿನಕಾಯಿ. ಇದೇ ಹೃದಯಕ್ಕೆ ಹಿತವೆಂಬ ನಮ್ಮ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಈಗ ವಿಚಾರಮಾಡೋಣ.

ಗಾಯವಾದಾಗ ಆ ಜಾಗವು ಕೆಂಪೇರಿ, ಬಿಸಿಯಾಗಿ ಊದಿಕೊಳ್ಳುವುದಷ್ಟೆ. ಅದೇ ಉರಿಯೂತ. ದೇಹದ ರಕ್ಷಣೆಗಾಗಿ ಏರ್ಪಟ್ಟ ಈ ಕ್ರಿಯೆಯು ಕೆಲಸ ತೀರಿದೊಡನೆ ಅಡಗಬೇಕು. ವಯಸ್ಸಾದಂತೆ ಅದು ಪೂರ್ತಿಯಾಗಿ ಅಡಗದೆ, ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉಳಿಯುವುದುಂಟು. ಹೊಟ್ಟೆಯ ಬೊಜ್ಜು, ತಂಬಾಕು, ಸಿಹಿಮೂತ್ರರೋಗ ಇವು ಆ ಕೆಂಡವನ್ನು ಊದುತ್ತವೆ. ರಕ್ತನಾಳದ ಗೋಡೆಯಲ್ಲಿ ಸೇರಿದ ಕೊಬ್ಬಿನ ಗಂಟು ಈ ಕಾವಿಗೆ ಸಿಕ್ಕಿ ಒಡೆದರೆ, ಅಲ್ಲಿ ರಕ್ತವು ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನು ಮಾತ್ರ ತಗ್ಗಿಸುವ ಔಷಧದಿಂದಲೂ ಹೃದಯಾಘಾತಗಳು ಕಡಮೆಯಾದುವು. ಆದರೆ ಸೋಂಕಿನ ಸಾವುಗಳು ಹೆಚ್ಚಿದುವು. ಆದುದರಿಂದ ಔಷಧಕ್ಕೆ ಮುಂಚೆ ಆಹಾರವನ್ನು ನೋಡುವುದು ಯುಕ್ತ.

ಸ್ಪೇನ್ ದೇಶದಲ್ಲಿ ಹೃದ್ರೋಗದ ಭಯವಿದ್ದ, ಆದರೆ ರೋಗವು ಇನ್ನೂ ತಲೆದೋರದಿದ್ದ 7,447 ಮಂದಿಯನ್ನು ಮೂರು ಪಂಗಡಗಳಾಗಿ ಮಾಡಿದರು. ಗಂಡಸರಿಗೆ 55ರಿಂದ 80, ಹೆಂಗಸರಿಗೆ 60ರಿಂದ 80 ವರ್ಷ ವಯಸ್ಸು. ಎಲ್ಲರಿಗೂ ಊಟದ ಉಪದೇಶವಾಯಿತು. ತರಕಾರಿ, ಹಣ್ಣು, ಕಾಳು, ಮೀನು ತಿನ್ನಬೇಕೆಂದು ಎರಡು ಪಂಗಡಗಳಿಗೆ ಹೇಳಿ, ಒಂದಕ್ಕೆ ಆಲಿವ್ ಎಣ್ಣೆಯನ್ನೂ ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಅಕ್ರೋಟ, ಬಾದಾಮಿ ಮೊದಲಾದ ಬೀಜಗಳನ್ನೂ ಕೊಟ್ಟರು. ಮೂರನೆಯದಕ್ಕೆ ಕೊಬ್ಬನ್ನು ಕಡಮೆಮಾಡಿರೆಂದರು. ಸುಮಾರು ಐದು ವರ್ಷಗಳಲ್ಲಿ, ಮೊದಲೆರಡು ಪಂಗಡಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಮರಣ ಇವು ಒಟ್ಟಾರೆ ನೂರಕ್ಕೆ ಮೂವತ್ತರಷ್ಟು ಕಡಮೆಯಾಗಿದ್ದುವು. ಕೆಲವರ ರಕ್ತದಲ್ಲಿ ಉರಿಯೂತದ ಗುರುತುಗಳೂ ಇಳಿದಿದ್ದುವು. 2013ರ ಈ ವರದಿಯಲ್ಲಿ, ಜನರನ್ನು ಹಂಚಿದ ಕ್ರಮದಲ್ಲಿ ಲೋಪವು ಕಂಡುಬಂದುದರಿಂದ ಅದನ್ನು ಹಿಂತೆಗೆದು, 2018ರಲ್ಲಿ ತಿದ್ದಿ ಪ್ರಕಟಿಸಿದರು. ಫಲಿತಾಂಶವು ಬಹುಮಟ್ಟಿಗೆ ಹಾಗೆಯೇ ನಿಂತಿತು.

ನಾವು ಆಲಿವ್ ಎಣ್ಣೆಗಾಗಿ ಹಣ ಸುರಿಯಬೇಕಾಗಿಲ್ಲ. ಸೊಪ್ಪಿನ ಹುಳಿ, ಮೊಳಕೆಬಂದ ಹೆಸರುಕಾಳು, ಹುರುಳಿಯ ಸಾರು, ರಾಗಿ, ಒಂದು ಹಿಡಿ ಕಡಲೆಕಾಯಿ ಬೀಜ ಇವು ಆ ಊಟದ ನೆಂಟರೇ. ಹಲ್ಲಿಲ್ಲದವರಿಗೆ ಬೀಜವನ್ನು ಪುಡಿಮಾಡಿ, ಕಾಳನ್ನು ಮೆತ್ತಗೆ ಬೇಯಿಸಿ ಬಡಿಸಬಹುದು. ತೆಗೆಯಬೇಕಾದವು ಬೇರೆ: ವನಸ್ಪತಿ, ಕಾದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ತಿಂಡಿ, ಸಕ್ಕರೆ, ಮತ್ತು ನಾವು ನಿರಪಾಯವೆಂದು ಎಣಿಸಿದ ಆ ಉಪ್ಪಿನಕಾಯಿ. ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಮೆಯಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಕಾಳು, ಬೀಜಗಳನ್ನು ತೆಗೆದುಕೊಳ್ಳತಕ್ಕದ್ದು.

ಹಿರಿಯರ ಎಲೆಯನ್ನು ಬರಿದುಮಾಡುವುದು ಪಥ್ಯವಲ್ಲ. ಅದನ್ನು ಅರಿತು ತುಂಬುವುದೇ ಪಥ್ಯ.