ಗಾಜಿನ ಮೇಲಿನ ಅಂಟು

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



‘ಮನೆಗೆಲಸ ಕಲಿಸಿದ ಪಾಠ’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಕಿಟಕಿ ಗಾಜಿಗೆ ಅಂಟಿದ ಸ್ಟಿಕ್ಕರ್ ತೆಗೆಯುವ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ನಕ್ಕರು. ನೀವೂ ನಗುತ್ತಿದ್ದೀರಿ. ಆದರೆ ಈ ಕೆಲಸದಲ್ಲಿ ನಾನು ಮೂರುವರೆ ಸಾವಿರ ರೂಪಾಯಿ ಕಳೆದುಕೊಂಡಿದ್ದೇನೆ. ಹಣಕ್ಕಿಂತ ದೊಡ್ಡದೊಂದನ್ನು ಕಳೆದುಕೊಳ್ಳುವುದರಿಂದ ಸ್ವಲ್ಪದರಲ್ಲಿ ಪಾರಾಗಿದ್ದೇನೆ.

ಮುಂಬಯಿಯಲ್ಲಿ ಬಾಡಿಗೆ ಮನೆಯವರ ಪಾಡು ನಿಮಗೆ ಗೊತ್ತು. ಹನ್ನೊಂದು ತಿಂಗಳ ಕರಾರು, ಮತ್ತೆ ಹನ್ನೊಂದು ತಿಂಗಳು. ಹಾಗೆಯೇ ಏಳನೇ ಮಾಳಿಗೆಯ ಒಂದು ಫ್ಲ್ಯಾಟಿನಲ್ಲಿ ಆರು ವರ್ಷ ಕಳೆದೆವು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಮಗನಿಗೆ ಆರು ವರ್ಷ. ಹೊರಗೆ ಹೋಗುವಂತಿಲ್ಲ, ಆಡುವಂತಿಲ್ಲ. ಆನೆ, ರೈಲು, ನಕ್ಷತ್ರ ಎಂದು ಸಿಕ್ಕ ಸ್ಟಿಕ್ಕರನ್ನೆಲ್ಲ ಬೆಡ್‌ರೂಮಿನ ಕಿಟಕಿಗೆ ಹಚ್ಚಿದ. ಮಗು ಸುಮ್ಮನಿದ್ದರೆ ಸಾಕು ಎಂದು ನಾನೂ ಬಿಟ್ಟೆ. ಕೊನೆಗೆ ಮನೆ ಬಿಡುವ ವಾರ ಬಂತು. ಗಾಜು ಮೊದಲಿನಂತಿರಬೇಕು, ಇಲ್ಲವಾದರೆ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತೇನೆ ಎಂದು ಮಾಲೀಕರು ಹೇಳಿದರು.

ಅವಸರದಲ್ಲಿ ಮೊದಲ ಗಾಜಿಗೆ ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಹಿಡಿದೆ. ಸ್ಟಿಕ್ಕರಿನ ಮೇಲಿನ ಬಣ್ಣ ಹೋಯಿತು, ಅಂಟು ಉಳಿಯಿತು. ಬಿಸಿಲು ಬಿದ್ದಾಗ ನೋಡಿದರೆ ಗಾಜಿನ ತುಂಬ ಗೀರು. ಮೂರುವರೆ ಸಾವಿರ ಹೋದದ್ದು ಆ ಗಾಜಿಗೇ.

ನಮ್ಮ ಅತ್ತೆ ಇದನ್ನೆಲ್ಲ ನೋಡುತ್ತಾ ಕೂತಿದ್ದರು. ಅವರು ಮದುವೆಯಾಗಿ ಮುಂಬಯಿಗೆ ಬಂದ ವರ್ಷವೇ, 1971ರ ಡಿಸೆಂಬರ್‌ನಲ್ಲಿ, ಯುದ್ಧ ಶುರುವಾಗಿ ಊರಿಗೆಲ್ಲ ಬ್ಲ್ಯಾಕ್‌ಔಟ್. ದೀಪದ ಬೆಳಕು ಹೊರಗೆ ಕಾಣದಂತೆ ಚಾಳಿನ ಕಿಟಕಿಗಳಿಗೆ ಮೈದಾ ಅಂಟು ಕಾಯಿಸಿ ಕಪ್ಪು ಕಾಗದ ಹಚ್ಚಿದ್ದರಂತೆ. ಯುದ್ಧ ಮುಗಿದ ಮೇಲೆ ಅದನ್ನು ತೆಗೆದದ್ದೂ ಅವರೇ. “ಒದ್ದೆ ಬಟ್ಟೆ ಅಂಟಿಸಿಟ್ಟು ಅಡುಗೆ ಮಾಡಲಿಕ್ಕೆ ಹೋಗುತ್ತಿದ್ದೆವು. ಬರುವಷ್ಟರಲ್ಲಿ ಕಾಗದ ತಾನೇ ಬಿಟ್ಟುಕೊಂಡಿರುತ್ತಿತ್ತು. ನೀನು ಯಾಕೆ ಗಾಜಿನ ಜೊತೆ ಜಗಳಕ್ಕೆ ನಿಂತಿದ್ದೀ?” ಎಂದರು.

ಅವರ ಮಾತಿನಲ್ಲಿ ಅರ್ಧ ನನಗೆ ನೇರವಾಗಿ ಉಪಯೋಗಕ್ಕೆ ಬಂತು, ಇನ್ನರ್ಧ ಬರಲಿಲ್ಲ. ಮೈದಾ ಅಂಟು ನೀರಿಗೆ ಕರಗುತ್ತದೆ, ಕಾಗದ ನೀರು ಕುಡಿಯುತ್ತದೆ. ಈಗಿನ ಸ್ಟಿಕ್ಕರ್ ಹೆಚ್ಚಾಗಿ ಪ್ಲಾಸ್ಟಿಕ್; ನೀರು ಒಳಗೆ ಇಳಿಯುವುದಿಲ್ಲ. ಅದರ ಅಂಟೂ ನೀರಿಗೆ ಜಗ್ಗುವುದಿಲ್ಲ. ಅದು ಮೆತ್ತಗಾಗುವುದು ಬಿಸಿಗೆ, ಎಣ್ಣೆಗೆ, ಸ್ಪಿರಿಟ್ಟಿಗೆ. ಆದರೆ ಕಾಯಬೇಕು ಎಂಬುದು ಎರಡಕ್ಕೂ ಒಂದೇ.

ಉಳಿದ ಗಾಜುಗಳನ್ನು ನಾನು ಹೇಗೆ ಬಿಡಿಸಿದೆ ಎಂದು ಹೇಳುತ್ತೇನೆ. ಕಾಗದದ ಲೇಬಲ್ ಆದರೆ ಸೋಪಿನ ಬೆಚ್ಚನೆ ನೀರಿನ ಬಟ್ಟೆ ಹಚ್ಚಿಟ್ಟು ಅರ್ಧ ಗಂಟೆ ಬಿಡಿ. ಪ್ಲಾಸ್ಟಿಕ್ ಸ್ಟಿಕ್ಕರಿಗೆ ಹೇರ್ ಡ್ರೈಯರ್ ಹಿಡಿಯಿರಿ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಒಂದೇ ಜಾಗ ವಿಪರೀತ ಕಾದರೆ ಗಾಜು ಸೀಳಬಹುದು. ಕುದಿಯುವ ನೀರನ್ನಂತೂ ಹೊಯ್ಯಲೇಬೇಡಿ. ಬೆಚ್ಚಗಾದ ಮೇಲೆ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಹಿಂದಕ್ಕೆ ಮಡಚಿದ ಹಾಗೆ ನಿಧಾನವಾಗಿ ಎಳೆಯಿರಿ. ಜೋರಾಗಿ ಕಿತ್ತರೆ ಅಂಟು ಗಾಜಿನಲ್ಲೇ ಉಳಿಯುತ್ತದೆ.

ಉಳಿದ ಅಂಟಿಗೆ ತೆಂಗಿನೆಣ್ಣೆ ಸವರಿ ಕಾಲು ಗಂಟೆ ಬಿಡಿ. ಆಮೇಲೆ ಬಟ್ಟೆಯಲ್ಲಿ ಉಜ್ಜಿದರೆ ಉಂಡೆ ಉಂಡೆಯಾಗಿ ಬರುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಸೋಪಿನಿಂದ ಎಣ್ಣೆ ಜಿಡ್ಡು ತೆಗೆಯಿರಿ. ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದ್ದರೆ ಅದೂ ಆಗುತ್ತದೆ. ನೇಲ್ ಪಾಲಿಶ್ ರಿಮೂವರ್ ಗಾಜಿಗೆ ಪರವಾಗಿಲ್ಲ, ಆದರೆ ಫ್ರೇಮಿನ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಸ್ಯಾನಿಟೈಸರ್, ರಿಮೂವರ್, ಸೀಮೆಎಣ್ಣೆ ಯಾವುದೇ ಇರಲಿ, ಬೆಂಕಿ ಹತ್ತಿರ ಬೇಡ. ಅವುಗಳ ಜೊತೆ ಹೇರ್ ಡ್ರೈಯರೂ ಬೇಡ.

ಬಿಸಿಲಿಗೆ ಒಣಗಿ ಪುಡಿಪುಡಿಯಾಗುವ ಹಳೆಯ ಸ್ಟಿಕ್ಕರಿಗೆ ಬ್ಲೇಡ್ ಬೇಕಾಗುತ್ತದೆ. ಹೊಸ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ. ಗಾಜಿಗೆ ಸೋಪಿನ ನೀರು ಧಾರಾಳವಾಗಿರಲಿ. ಬ್ಲೇಡನ್ನು ಗಾಜಿಗೆ ಆದಷ್ಟು ಒರಗಿಸಿ, ಮುಂದಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ಎಳೆಯಬೇಡಿ. ಸನ್ ಫಿಲ್ಮ್ ಹಚ್ಚಿದ ಗಾಜಿಗೂ ಅಕ್ರಿಲಿಕ್ ಶೀಟಿಗೂ ಬ್ಲೇಡ್ ಸಲ್ಲದು. ಟಫನ್ಡ್ ಗಾಜಿಗೂ ಬೇಡ, ಗೀರು ಬೀಳುವ ಭಯವಿದೆ.

ಇಲ್ಲೊಂದು ಮಾತು ಕಾರಿನ ಬಗ್ಗೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಚ್ಚುವುದನ್ನು ನಿಷೇಧಿಸಿದಾಗ ನಮ್ಮ ಮನೆಯವರು ಹಿಂದಿನ ಗಾಜಿನ ಫಿಲ್ಮನ್ನು ಬ್ಲೇಡಿನಿಂದ ಕೆರೆದರು. ಮಂಜು ಆರಿಸುವ ಸಣ್ಣ ತಂತಿಗೆರೆಗಳು ಆ ಗಾಜಿನ ಒಳಮೈಯಲ್ಲೇ ಇರುತ್ತವೆ. ಅವೂ ಫಿಲ್ಮಿನ ಜೊತೆ ಹೋದವು. ಅವಸರ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಇರುವುದಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲ ತೆಗೆದಾದ ಮೇಲೂ ಒಂದು ನಕ್ಷತ್ರ ಹೋಗಲಿಲ್ಲ. ಉಗುರು ಹಾಕಿದರೆ ಬರೀ ನುಣುಪು. ಎರಡು ನಿಮಿಷದ ಮೇಲೆ ಹೊಳೆಯಿತು: ಅದು ಗಾಜಿನ ಹೊರಮೈಯಲ್ಲಿತ್ತು. ಏಳನೇ ಮಾಳಿಗೆ. ಆ ಕಿಟಕಿಗೆ ಗ್ರಿಲ್ ಇರಲಿಲ್ಲ. ಹಾಗಾದರೆ ಆರು ವರ್ಷದ ಮಗು ಎಂದೋ ಒಂದು ದಿನ, ನಾನು ಅಡುಗೆಮನೆಯಲ್ಲಿದ್ದಾಗ, ಕಿಟಕಿ ಸರಿಸಿ ಹೊರಗೆ ಬಾಗಿತ್ತು. ನನ್ನ ಕೈಕಾಲು ತಣ್ಣಗಾದವು. ಮಗ ಪಕ್ಕದಲ್ಲೇ ನಿಂತಿದ್ದ, ನನ್ನ ಭುಜದೆತ್ತರ ಬೆಳೆದಿದ್ದ. ಕೇಳಿದರೆ, “ಎದುರಿನ ಬಿಲ್ಡಿಂಗಿನ ಹುಡುಗನಿಗೆ ಕಾಣಲಿ ಅಂತ ಹಚ್ಚಿದ್ದೆ ಅಮ್ಮಾ” ಎಂದ.

ಇಷ್ಟಾದ ಮೇಲೂ ನನಗೆ ಬುದ್ಧಿ ಬಂತೇ? ಕೆಲಸಕ್ಕೆ ಬರುವ ಬಾಯಿ, “ವಹಿನಿ, ಐದು ನಿಮಿಷದ ಕೆಲಸ, ನೀವು ನನ್ನ ಸೀರೆ ಹಿಡಿದುಕೊಳ್ಳಿ” ಎಂದು ಕಿಟಕಿಯ ಕಟ್ಟೆಗೆ ಕಾಲಿಟ್ಟಳು. ಸಂಜೆ ಮಾಲೀಕರು ಬರುವವರಿದ್ದರು. ನಾನು ಅವಳ ಸೆರಗು ಹಿಡಿದೂಬಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. “ಇಳಿಯೇ ಮಗಾ, ಇಳಿ!” ಎಂದು ಅತ್ತೆ ಕೂಗಿದರು. ಆಗ ನನಗೆ ಎಚ್ಚರವಾಯಿತು. ನನ್ನ ಮಗನನ್ನು ನೆನೆದು ನಡುಗಿದವಳು ಇನ್ನೊಬ್ಬರ ಮಗಳನ್ನು ಅದೇ ಕಿಟಕಿಗೆ ಹತ್ತಿಸಿದ್ದೆ.

ಸ್ಲೈಡಿಂಗ್ ಕಿಟಕಿಯ ಬಾಗಿಲನ್ನು ಒಳಗಿನಿಂದಲೇ ಬಿಡಿಸಲು ಬರುತ್ತದೆ. ಮೇಲಕ್ಕೆ ಎತ್ತಿ, ಕೆಳಗಿನ ಅಂಚನ್ನು ಹಳಿಯಿಂದ ಒಳಗೆ ಸರಿಸಿದರೆ ಕೈಗೆ ಬರುತ್ತದೆ. ಭಾರ ಇರುತ್ತದೆ, ಇಬ್ಬರು ಬೇಕು, ಗೊತ್ತಿದ್ದವರು ಬೇಕು. ಮರುದಿನ ಬಡಗಿಯನ್ನು ಕರೆಸಿ ಹಾಗೆ ಮಾಡಿಸಿದೆವು. ಬಾಗಿಲನ್ನು ಮಂಚದ ಮೇಲೆ ಮಲಗಿಸಿ ನಕ್ಷತ್ರ ತೆಗೆಯಲು ಹತ್ತೇ ನಿಮಿಷ ಸಾಕಾಯಿತು. ಮಾಲೀಕರಿಗೆ ಒಂದು ದಿನ ತಡವಾಗಿ ಬನ್ನಿ ಎಂದದ್ದಕ್ಕೆ ಏನೂ ಮುಳುಗಲಿಲ್ಲ.

ದೀಪಾವಳಿ ಹತ್ತಿರ ಬರುತ್ತಿದೆ, ಎಲ್ಲರ ಮನೆಯಲ್ಲೂ ಕಿಟಕಿ ಒರೆಸುವ ಕಾಲ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಹೊರಗಿನ ಗಾಜಿಗೆ ನೀವೂ ಬಾಗಬೇಡಿ, ಕೆಲಸದವರನ್ನೂ ಬಾಗಿಸಬೇಡಿ. ಅವರು ತಾವಾಗಿ ಹತ್ತುತ್ತೇನೆಂದರೂ ಬೇಡವೆನ್ನಿ. ಕೈಗೆಟುಕದ ಕಲೆ ಅಲ್ಲೇ ಇರಲಿ.

ಹೊಸ ಮನೆಯ ಕಿಟಕಿಗಳಿಗೆ ಮೊದಲು ಗ್ರಿಲ್ ಹಾಕಿಸಿದೆವು. ಅಲ್ಯೂಮಿನಿಯಂ ಫ್ರೇಮಿನ ನೀಲಿ ಪ್ಲಾಸ್ಟಿಕ್ ಹಾಳೆ, ಗಾಜಿನ ಮೇಲಿನ ಕಂಪನಿ ಲೇಬಲ್ ಎರಡನ್ನೂ ಅದೇ ವಾರ ತೆಗೆದೆ. ಬಿಸಿಲಿಗೆ ಬೆಂದ ಮೇಲೆ ಅವು ಸುಲಭಕ್ಕೆ ಬಿಡುವುದಿಲ್ಲ. ಆ ನಕ್ಷತ್ರ ಮಾತ್ರ ಹರಿಯದೆ ಬಂದಿತ್ತು. ಅದೀಗ ನನ್ನ ಕಪಾಟಿನ ಬಾಗಿಲ ಒಳಗಡೆ ಇದೆ. ಅಂಟು ಹೋಗಿದೆ, ಟೇಪ್ ಹಾಕಿ ಹಚ್ಚಿದ್ದೇನೆ.