ಅಮ್ಮಾ, ಕ್ಯಾಪ್ಟನ್ ಯಾರು?

‘ಹೊಸದಾಗಿ ಕಲಿತದ್ದು’ ಎಂಬ ವಿಷಯಕ್ಕೆ ನಾನು ಫ್ಯಾಂಟಸಿ ಫುಟ್‌ಬಾಲ್ ಎಂದಾಗ, ಈಗ ನೀವು ನಗುತ್ತಿರುವ ಹಾಗೆಯೇ ಕಾರ್ಯದರ್ಶಿಯವರೂ ನಕ್ಕರು.

ಮಗ ಕೆಲಸಕ್ಕೆಂದು ಹೈದರಾಬಾದಿಗೆ ಹೋದ ಮೇಲೆ ನಮ್ಮ ಫೋನು “ಊಟ ಆಯ್ತಾ?” “ಹ್ಞೂಂ” ಅಷ್ಟರಲ್ಲೇ ಮುಗಿಯುತ್ತಿತ್ತು. ಅವನೂ ಗೆಳೆಯರೂ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಈ ಆಟ ಆಡುತ್ತಾರೆ. ದುಡ್ಡು ಕಟ್ಟುವ ಆಟವಲ್ಲ ಎಂದು ಖಾತ್ರಿ ಮಾಡಿಕೊಂಡೇ, “ನನ್ನನ್ನೂ ಸೇರಿಸ್ಕೋ” ಅಂದೆ.

ತಿಂಗಳ ಸಾಮಾನು ತಂದ ಹಾಗೆಯೇ. ಆಟದ ದುಡ್ಡು 100 ಮಿಲಿಯನ್ ಪೌಂಡ್. ಅದರಲ್ಲೇ 15 ಆಟಗಾರರು ಬರಬೇಕು, ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚಿಲ್ಲ. ನಾನು ದುಬಾರಿ ಫಾರ್ವರ್ಡ್‌ಗಳನ್ನು ಕೊಂಡು, ಉಳಿದ ಚಿಲ್ಲರೆಗೆ ಮೈದಾನಕ್ಕೇ ಇಳಿಯದವರನ್ನು ತಂದೆ! ಆಮೇಲೆ ತಿಳಿಯಿತು: ಫಾರ್ವರ್ಡ್ ಗೋಲು ಹೊಡೆದರೆ 4 ಅಂಕ, ಡಿಫೆಂಡರ್ ಹೊಡೆದರೆ 6. ಡಿಫೆಂಡರ್ 60 ನಿಮಿಷವಾದರೂ ಆಡಿ, ಅವನು ಮೈದಾನದಲ್ಲಿರುವಷ್ಟು ಹೊತ್ತು ತಂಡ ಗೋಲು ಬಿಟ್ಟುಕೊಡದಿದ್ದರೆ ಮತ್ತೆ 4. ಕ್ಯಾಪ್ಟನ್ನಿನ ಅಂಕ ಇಮ್ಮಡಿ. ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆಯೇ ಗಡುವು. ಒಮ್ಮೆ ಮನೆಯಲ್ಲಿ ಪೂಜೆ, ಮರೆತೇಬಿಟ್ಟೆ. ಕ್ಯಾಪ್ಟನ್ ಗಾಯಾಳು, ವೈಸ್ ಕ್ಯಾಪ್ಟನ್ನೂ ಗಾಯಾಳು. ಮಗ ಫೋನಿನಲ್ಲಿ ಹೊಟ್ಟೆ ಹಿಡಿದು ನಕ್ಕ.

ಈಗ ಶುಕ್ರವಾರ ಅವನೇ ಫೋನು ಮಾಡುತ್ತಾನೆ. “ಅಮ್ಮಾ, ಕ್ಯಾಪ್ಟನ್ ಯಾರು?” ಮೊನ್ನೆ ಅದೇ ಮಾತಿನ ನಡುವೆ, ಆಫೀಸಿನಲ್ಲಿ ತನಗಾಗುತ್ತಿರುವ ಕಷ್ಟವನ್ನೂ ಹೇಳಿಕೊಂಡ. ಒಂದು ಗಂಟೆ ಮಾತಾಡಿದೆವು.

ಕ್ಯಾಪ್ಟನ್ ಹೆಸರು ಮಾತ್ರ ಹೇಳಲಿಲ್ಲ. ಅವನಿಗಿಂತ 11 ಅಂಕ ಹಿಂದಿದ್ದೇನಲ್ಲ!